ಸಂಪಾದಕರ ಉತ್ತರ: ಹುಣಸೆಬೀಜದ ಡಬ್ಬಿ

(ಶಿರಸಿ ಕಡೆಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಅವರಿಗೆ 6 ವರ್ಷವಿದ್ದಾಗ ಅಪ್ಪ, ಆಯಿ ತೋಟ ಮಾರಿ ಒಬ್ಬ ಗುರುವಿನ ಪಂಥ ಸೇರಿದರು. 14ರವರೆಗೆ ಇವರು ಬೆಳೆದದ್ದು ಆ ಆಶ್ರಮದಲ್ಲೇ. ಅಲ್ಲಿ ಪಟ್ಟ ಹಿಂಸೆಯನ್ನೆಲ್ಲ ಮೂರು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾರೆ. "ಪುಸ್ತಕ ಮಾಡಬಹುದಾ? ಹೆಸರು ಹಾಕಬಹುದಾ? ಇಸವಿ ನೆನಪಿಲ್ಲ, ಜನ ನಂಬುತ್ತಾರಾ? ಆಯಿ ಇನ್ನೂ ಇದ್ದಾಳೆ" ಎಂದು ಕೇಳಿದ್ದಾರೆ. ಜೊತೆಗೆ 12 ಪುಟ ಕಳಿಸಿದ್ದಾರೆ.)

ತಂಗೀ,

ನಿಮ್ಮ ಪುಟಗಳನ್ನು ಒಂದೇ ಸಲಕ್ಕೆ ಓದಲಾಗಲಿಲ್ಲ. ಅರ್ಧಕ್ಕೆ ನಿಲ್ಲಿಸಿ ಕೋಡಿಬಾಗದ ಕಡೆ ಒಂದು ಸುತ್ತು ನಡೆದು ಬಂದೆ.

ಕಾನೂನು ಆಮೇಲೆ. ಮೊದಲು ಬರವಣಿಗೆ. 12 ಪುಟದಲ್ಲಿ 9 ಪುಟ ಗುರುವಿನದೇ. ಅವನ ಶಾಲು, ಅವನ ದನಿ, ಅವನು ಕಾರಿನಿಂದ ಇಳಿಯುವ ಗತ್ತು. ಅವನಿಗೆ ಅಷ್ಟು ಜಾಗ ಯಾಕೆ? ಕೊನೆಯಲ್ಲಿ ಅರ್ಧ ಪುಟ ಒಂದು ಡಬ್ಬಿಯ ವಿಷಯ ಇದೆ. ತಪ್ಪಿಗೊಂದು ಹುಣಸೆಬೀಜ. ಶನಿವಾರ ರಾತ್ರಿ ಎಣಿಸಿ ಬೀಜಕ್ಕೊಂದು ಏಟು. ಯಾರಾದರೂ ಬೀಜ ಹಾಕಿ ಚನ್ನೆಮಣೆ ಆಡಲು ಕೂತರೆ ಈಗಲೂ ಎದ್ದು ಹೋಗುತ್ತೇನೆ ಎಂದು ಬರೆದಿದ್ದೀರಿ. ನಿಮ್ಮ ಪುಸ್ತಕ ಶುರುವಾಗುವುದು ಅಲ್ಲಿ.

ಇನ್ನೊಂದು ಮಾತು. ಅಲ್ಲಿ ಏಟಿಗೆ 'ಶುದ್ಧಿ' ಎನ್ನುತ್ತಿದ್ದರು. ಉಪವಾಸ ಕೆಡವುವುದಕ್ಕೆ 'ವ್ರತ'. ಕತ್ತಲ ಕೋಣೆಗೆ 'ಮೌನ'. ನೀವು ಅವನ್ನೆಲ್ಲ ಹೊಡೆದುಹಾಕಿ ಮೇಲೆ 'ದೌರ್ಜನ್ಯ' ಎಂದು ಬರೆದಿದ್ದೀರಿ. ದಯವಿಟ್ಟು ತಿದ್ದಬೇಡಿ. 8 ವರ್ಷದ ಹುಡುಗಿಗೆ ದೌರ್ಜನ್ಯ ಅಂದರೆ ಏನು ಗೊತ್ತು? ಆಯಿ ಅನ್ನ ಬಡಿಸದೆ "ನಿಂಗೆ ಇವತ್ತು ವ್ರತ" ಎಂದದ್ದು ಗೊತ್ತು. ಇಂಥ ಪಂಥದವರು ಮೊದಲು ಶಾಲೆ ಬಿಡಿಸುತ್ತಾರೆ, ಅಜ್ಜನಮನೆ ತಪ್ಪಿಸುತ್ತಾರೆ, ಆಮೇಲೆ ಮಾತನ್ನೇ ಬದಲಾಯಿಸುತ್ತಾರೆ. 1968ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ 'ಚಿಲ್ಡ್ರನ್ ಆಫ್ ಗಾಡ್' ಪಂಥದಲ್ಲಿ ಹೊರಗಿನ ಜನಕ್ಕೆ 'ಸಿಸ್ಟಮೈಟ್' ಎಂದು ಬೇರೆಯೇ ಹೆಸರಿತ್ತು. ಹೊಡೆತಕ್ಕೆ ಹೊಡೆತ ಎನ್ನುವ ಶಬ್ದವೇ ಇಲ್ಲದಿದ್ದರೆ ಮಗು ಯಾರ ಹತ್ತಿರ ಏನೆಂದು ದೂರಬೇಕು? ಓದುವವರಿಗೂ ಅದೇ ಉಸಿರುಕಟ್ಟಲಿ.

ಹೆಸರಿನ ವಿಷಯ. ಸುಮ್ನೆ ಹೆಸರು ಬದಲಾಯಿಸಿದರೆ ಸಾಲದು. ನಮ್ಮ ಕಡೆ ಹೆಸರು ಯಾರಿಗೆ ಬೇಕು? ಊರು, ಕೇರಿ, ತೋಟ ಹೇಳಿದರೆ ಮುಗಿಯಿತು. ಹಿಂದೊಮ್ಮೆ ನಾನೇ ಎಡವಿದ್ದೇನೆ. ಒಬ್ಬ ಹೆಂಗಸಿನ ಅನುಭವ ಅಚ್ಚು ಹಾಕುವಾಗ ಹೆಸರು ಬದಲಿಸಿ, ಮನೆ ಎದುರಿನ ಕಾಲುಸಂಕ ಹಾಗೇ ಬಿಟ್ಟೆ. ವಾರದೊಳಗೆ ಊರಿಗೆಲ್ಲ ಗೊತ್ತಾಯಿತು. ಆಕೆ ಬೈಯಲಿಲ್ಲ. ಮತ್ತೆ ಪತ್ರ ಬರೆಯಲೂ ಇಲ್ಲ.

ಕಾನೂನೂ ಹಾಗೇ. ಹೆಸರಿಲ್ಲದಿದ್ದರೂ ಇಂಥವರೇ ಎಂದು ಗೊತ್ತಾದರೆ ಮಾನನಷ್ಟದ ಕೇಸು ಹಾಕಬಹುದು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ. 2 ವರ್ಷದವರೆಗೆ ಶಿಕ್ಷೆ ಇದೆ, ಬರೆದ ನಿಮಗೂ, ಅಚ್ಚು ಹಾಕಿದ ನನಗೂ. ನಿಜವನ್ನೇ ಬರೆದೆ ಎಂದರೆ ಸಾಲದು, ಜನರ ಹಿತಕ್ಕಾಗಿ ಬರೆದೆ ಎಂದೂ ತೋರಿಸಬೇಕು. ಹೆದರಿಸುತ್ತಿಲ್ಲ. ಶಾಲೆ ಬಿಡಿಸಿದಾಗಿನ ಟಿಸಿ, ಅಜ್ಜನಿಗೆ ಬಂದ ಕಾಗದ, ಹಳೇ ಫೋಟೋ, ಏನಿದ್ದರೂ ಎತ್ತಿಡಿ. ಅಚ್ಚಿಗೆ ಮೊದಲು ಒಬ್ಬ ವಕೀಲರು ಓದಲಿ. ಫೀಸಿನ ಚಿಂತೆಯಿದ್ದರೆ ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಅಲ್ಲಿ ಉಚಿತ ನೆರವಿದೆ.

ನಿಮ್ಮ ಪಕ್ಕ ಮಲಗುತ್ತಿದ್ದ ಇಬ್ಬರು ಹುಡುಗಿಯರ ಹೆಸರನ್ನೂ ಹಾಗೇ ಬರೆದಿದ್ದೀರಿ. ಅವರ ಕಥೆ ಅವರದು. ಅವರನ್ನು ಕೇಳದೆ ಒಂದು ಸಾಲೂ ಬೇಡ.

ಇಸವಿ ನೆನಪಿಲ್ಲದಿದ್ದರೆ ಇಲ್ಲ ಎಂದೇ ಬರೆಯಿರಿ. ನೆನಪನ್ನು ಕಟ್ಟಲು ಗೂಟಗಳಿವೆ, ಅಲ್ವಾ? ಮಾರಿಜಾತ್ರೆ ಎರಡು ವರ್ಷಕ್ಕೊಮ್ಮೆ. ಕೊಂಕಣ ರೈಲು ಪೂರ್ತಿ ಓಡಿದ್ದು 1998ರಲ್ಲಿ. ಯಾವುದಕ್ಕೆ ಮುಂಚೆ, ಯಾವುದರ ಆಮೇಲೆ ಎಂದು ಹಿಡಿದರೆ ಸಾಕು.

ಒಂದು ವಿಷಯ ಮಾತ್ರ ಪುಸ್ತಕಕ್ಕೆ ಕಾಯುವಂಥದ್ದಲ್ಲ. ಆ ಜಾಗ ಇನ್ನೂ ನಡೆಯುತ್ತಿದೆ, ಮಕ್ಕಳಿದ್ದಾರೆ ಎಂದು ಕಡೇ ಸಾಲಿನಲ್ಲಿ ಬರೆದಿದ್ದೀರಿ. ಇವತ್ತೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಮಕ್ಕಳ ಮೇಲೆ ಲೈಂಗಿಕ ಹಿಂಸೆಯ ಗುಮಾನಿ ಇದ್ದರಂತೂ 2012ರ ಪೋಕ್ಸೋ ಕಾಯ್ದೆಯಂತೆ ತಿಳಿಸಲೇಬೇಕು. ಭಯವಾದರೆ ಜಾಗದ ಹೆಸರು ನನಗೆ ಹೇಳಿ, ನಾನು ಮಾಡುತ್ತೇನೆ. ಪುಸ್ತಕಕ್ಕೆ ಎರಡು ವರ್ಷ ಹಿಡಿದೀತು. ಆ ಮಕ್ಕಳಿಗೆ ಈ ಶನಿವಾರವೂ ಇದೆ.

ಆಯಿ. ಇದಕ್ಕೆ ನನ್ನಲ್ಲಿ ಒಳ್ಳೆಯ ಉತ್ತರವಿಲ್ಲ. ಏಟು ಬಿದ್ದ ರಾತ್ರಿ ಎಣ್ಣೆ ಹಚ್ಚಿ ತಲೆ ಬಾಚಿದವರೂ ಅವರೇ, ಬೆಳಿಗ್ಗೆ ಮತ್ತೆ ಸಾಲಿನಲ್ಲಿ ನಿಲ್ಲಿಸಿದವರೂ ಅವರೇ. ಎರಡನ್ನೂ ಬರೆಯಿರಿ. ಅವರ ಒಪ್ಪಿಗೆ ಕೇಳಬೇಡಿ, ಆದರೆ ಅಚ್ಚಾಗುವ ಮೊದಲು ನೀವೇ ಹೇಳಿ. ಯಾರದೋ ಮನೆ ಕಾರ್ಯದಲ್ಲಿ, ಬಾಳೆ ಎದುರು ಕೂತಾಗ, ಪಕ್ಕದವರ ಬಾಯಿಂದ ಅವರಿಗೆ ಗೊತ್ತಾಗುವುದು ಬೇಡ.

ವಕೀಲರು ಓದಿದ ಮೇಲೆ ಎರಡು ಅಧ್ಯಾಯ ನಮ್ಮಲ್ಲೇ ಹಾಕೋಣ. ನೋಟ್‌ಬುಕ್ ಮಾತ್ರ ಅಂಚೆಗೆ ಹಾಕಬೇಡಿ, ಜೆರಾಕ್ಸ್ ಸಾಕು. ಆ ಕೊನೆಯ ಶನಿವಾರ ಡಬ್ಬಿಯಲ್ಲಿ ಎಷ್ಟು ಬೀಜವಿತ್ತು ಎಂದು ಬರೆದಿಲ್ಲ. ನೆನಪಿದ್ದರೆ ಸೇರಿಸಿ.

— ಸಂಪಾದಕ, ಕಾರವಾರ