ತಂಗಿಯನ್ನು ಮೊದಲು ಯಾರಿಗೆ ತೋರಿಸಬೇಕು: ಸೈಕಿಯಾಟ್ರಿಸ್ಟಾ, ಸೈಕಾಲಜಿಸ್ಟಾ, ಕೌನ್ಸೆಲರಾ?

ತಂಗಿಗೆ ಎರಡು ತಿಂಗಳಿಂದ ಸರಿಯಾಗಿ ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ, ಕಾಲೇಜಿಗೂ ಹೋಗುತ್ತಿಲ್ಲ ಎಂದು ಬರೆದಿದ್ದೀರಿ. ಮೊದಲು ಸೈಕಿಯಾಟ್ರಿಸ್ಟ್‌ಗೇ ತೋರಿಸಿ. ನಮ್ಮಣ್ಣನ ವಿಷಯದಲ್ಲಿ ನಾವು ಇದನ್ನು ತಡವಾಗಿ ಮಾಡಿದೆವು, ಅದಕ್ಕೇ ಹೇಳುತ್ತಿದ್ದೇನೆ.

'ಹುಚ್ಚಾಸ್ಪತ್ರೆ' ಅಂತ ಜನ ಆಡಿಕೊಳ್ಳುತ್ತಾರೆ ಎಂದು ಹೆದರಿ ಅಪ್ಪ ಅವನನ್ನು ಒಬ್ಬ ಕೌನ್ಸೆಲರ್ ಹತ್ತಿರ ಕಳಿಸಿದರು. ಐದು ತಿಂಗಳು ಹೋದ. ತನ್ನ ಚಪ್ಪಲಿ ನೋಡಿಕೊಂಡು ಕೂತಿದ್ದು ಎದ್ದು ಬರುತ್ತಿದ್ದ. ಕೊನೆಗೆ ಸೈಕಿಯಾಟ್ರಿಸ್ಟ್ ಕೇಳಿದ್ದೇ ಬೇರೆ: "ಪ್ಯಾಂಟು ಬಿಗಿಯಾಗ್ತಿದೆಯಾ? ಈ ಬಿಸಿಲಲ್ಲೂ ಚಳಿ ಅನ್ಸುತ್ತಾ?" ಕುತ್ತಿಗೆ ಮುಟ್ಟಿ ನೋಡಿ ರಕ್ತಪರೀಕ್ಷೆಗೆ ಬರೆದರು. ಥೈರಾಯ್ಡ್ ತೀರಾ ಕಡಿಮೆಯಿತ್ತು, ಅದರ ಜೊತೆಗೆ ಖಿನ್ನತೆಯೂ ಇತ್ತು. ಸೈಕಿಯಾಟ್ರಿಸ್ಟ್ ಅಂದರೆ ಎಂಬಿಬಿಎಸ್ ಓದಿ ಆಮೇಲೆ ಮನೋವೈದ್ಯಶಾಸ್ತ್ರ ಓದಿದ ಡಾಕ್ಟರು. ಮೈಯನ್ನೂ ನೋಡುತ್ತಾರೆ, ಮಾತ್ರೆಯನ್ನೂ ಬರೆಯುತ್ತಾರೆ.

ಮಾತ್ರೆ ಹಿಡಿದು ನಿದ್ದೆ ಬರತೊಡಗಿದ ಮೇಲೆ ಅವರೇ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ಕಳಿಸಿದರು. ಇವರು ಮಾತ್ರೆ ಬರೆಯುವುದಿಲ್ಲ, ಮಾತಿನಲ್ಲೇ ಚಿಕಿತ್ಸೆ ಕೊಡುತ್ತಾರೆ. ಅಣ್ಣ ಬಾಯಿಬಿಟ್ಟಿದ್ದು ಅಲ್ಲೇ. ಹೋಗುವ ಮೊದಲು ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐ, ನೋಂದಣಿ ಸಂಖ್ಯೆ ಕೇಳಿ. ಸಂಕೋಚ ಬೇಡ, ಇದ್ದವರು ಹೇಳುತ್ತಾರೆ.

ಕೌನ್ಸೆಲರ್‌ಗಳು ಬೇಡ ಅಂತಲ್ಲ. ಪರೀಕ್ಷೆಯ ಭಯ, ಮನೆಯ ಜಗಳ, ಅಗಲಿಕೆಯ ದುಃಖ ಇಂಥದ್ದಕ್ಕೆ ಒಳ್ಳೆಯ ಕೌನ್ಸೆಲರ್ ಸಾಕು. ಆದರೆ ಎಂ.ಎ. ಮಾಡಿದವರೂ, ಕೆಲವೇ ವಾರಗಳ ಕೋರ್ಸ್ ಮಾಡಿದವರೂ ಅದೇ ಬೋರ್ಡ್ ಹಾಕಿಕೊಂಡಿರುತ್ತಾರೆ. ಏನು ಓದಿದ್ದಾರೆ, ಯಾರ ಕೈಕೆಳಗೆ ಕಲಿತಿದ್ದಾರೆ ಎಂದು ಕೇಳಿಯೇ ಹೋಗಿ.

ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಗಳಾದ ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್‌ನಲ್ಲಿ ಸೈಕಿಯಾಟ್ರಿಸ್ಟ್, ಸೈಕಾಲಜಿಸ್ಟ್ ಇಬ್ಬರೂ ಸಿಗುತ್ತಾರೆ. ಮನೆಯವರನ್ನೂ ಕೂರಿಸಿ ಮಾತಾಡುವ ಸೋಶಿಯಲ್ ವರ್ಕರ್‌ಗಳೂ ಇರುತ್ತಾರೆ. ಅಷ್ಟು ದೂರ ಆಗದಿದ್ದರೆ ತಾಲೂಕು ಆಸ್ಪತ್ರೆಯಲ್ಲಿ ಮಂಗಳವಾರ ನಡೆಯುವ 'ಮನೋಚೈತನ್ಯ' ಎಂಬ ಮಾನಸಿಕ ಆರೋಗ್ಯದ ಕ್ಲಿನಿಕ್ ಯಾವ ಮಂಗಳವಾರ ಇರುತ್ತದೆ ಎಂದು ವಿಚಾರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ತಂಗಿ ಸಾಯುವ ಮಾತೇನಾದರೂ ಆಡಿದರೆ ಮಂಗಳವಾರದವರೆಗೆ ಕಾಯಬೇಡಿ. ಅವಳನ್ನು ಒಬ್ಬಳನ್ನೇ ಬಿಡದೆ ಅವತ್ತೇ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅಂಥ ಮಾತೇನೂ ಆಡದಿದ್ದರೆ ಇವತ್ತಿನಿಂದಲೇ ರಾತ್ರಿ ಎಷ್ಟು ಹೊತ್ತಿಗೆ ಮಲಗಿದಳು, ಎಷ್ಟಕ್ಕೆ ಎಚ್ಚರವಾಯಿತು, ಏನು ತಿಂದಳು ಎಂದು ಒಂದು ಚೀಟಿಯಲ್ಲಿ ಬರೆದಿಡಿ. ಡಾಕ್ಟರು ಮೊದಲು ಕೇಳುವುದು ಅದನ್ನೇ.