2009ರ ವ್ಯಾಗನ್ ಆರ್: ಎಂಜಿನ್ ಇಳಿಸುವ ಮೊದಲು ಏನೇನು ನೋಡಬೇಕು?

ನಿಮ್ಮ ಪ್ರಶ್ನೆ ಇಷ್ಟು. 2009ರ ವ್ಯಾಗನ್ ಆರ್ ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡಿದ್ದೀರಿ. ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಟ್ರಾಫಿಕ್‌ನಲ್ಲಿ ನಿಂತರೆ ಟೆಂಪರೇಚರ್ ಮುಳ್ಳು ಮೇಲೇರುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ ಸ್ಟೇರಿಂಗ್ ನಡುಗುತ್ತದೆ. ಹಂಪ್ ಮೇಲೆ ಹೋದರೆ ಮುಂದೆ ಎಡಗಡೆ ಟಕ್ ಅನ್ನುತ್ತದೆ. ಗ್ಯಾರೇಜಿನವರು "ಎಂಜಿನ್ ಇಳಿಸಿಬಿಡೋಣ ಸರ್, ಎಲ್ಲ ಒಂದೇ ಸಲಕ್ಕೆ ಸರಿ ಹೋಗುತ್ತೆ" ಅಂದಿದ್ದಾರೆ. ಇಳಿಸಬೇಕಾ, ಅಂದರೆ ಎಂಜಿನ್ ಹೊರತೆಗೆದು ಪೂರ್ತಿ ಬಿಚ್ಚಿಸಬೇಕಾ?

ಸದ್ಯಕ್ಕೆ ಬೇಡ. ನಾನು ಮೆಕ್ಯಾನಿಕ್ ಅಲ್ಲ. ಆದರೆ ಇಷ್ಟು ವರ್ಷ ಹಳೆ ಗಾಡಿಗಳನ್ನೇ ಓಡಿಸಿದ್ದೇನೆ, ಬಿಡುವಾದಾಗ ಗೆಳೆಯನ ಗ್ಯಾರೇಜಿನಲ್ಲೇ ಕೂತಿರುತ್ತೇನೆ. ನೀವು ಹೇಳಿದ ನಾಲ್ಕೂ ತೊಂದರೆಗಳ ಮೂಲವನ್ನು ಎಂಜಿನ್ ಬಿಚ್ಚದೆಯೇ ಹುಡುಕಬಹುದು. ನಾಲ್ಕಕ್ಕೂ ಒಂದೇ ಕಾರಣ ಇರಬೇಕು ಅಂತಲೂ ಇಲ್ಲ. ಇಷ್ಟು ಹಳೆಯ ಗಾಡಿಯಲ್ಲಿ ನಾಲ್ಕು ಬೇರೆ ಬೇರೆ ಸಣ್ಣ ತೊಂದರೆ ಒಟ್ಟಿಗೆ ಇರುವುದೇ ಜಾಸ್ತಿ.

ಹಳೆ ಗಾಡಿಯ ವಿಷಯದಲ್ಲಿ "ಏನಾಗಿದೆ" ಅನ್ನುವುದಕ್ಕಿಂತ "ಯಾವಾಗ ಆಗುತ್ತದೆ" ಅನ್ನುವುದು ಮುಖ್ಯ. ಎಂಜಿನ್ ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ? ನಿಂತಾಗಲೋ ಓಡುವಾಗಲೋ? ಎಸಿ ಹಾಕಿದಾಗ ಮಾತ್ರವಾ? ಒಂದು ವಾರ ಇದನ್ನು ಗಮನಿಸಿ ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಗ್ಯಾರೇಜಿಗೆ ಹೋಗಿ "ಪಿಕಪ್ ಇಲ್ಲ, ಏನೋ ಸೌಂಡ್ ಬರುತ್ತೆ" ಅಂದರೆ ಅವರೂ ಅಂದಾಜಿನ ಮೇಲೆ ಒಂದೊಂದೇ ಪಾರ್ಟ್ ಬದಲಾಯಿಸುತ್ತಾ ಹೋಗುತ್ತಾರೆ. ಅಂದಾಜಿನ ಬಿಲ್ ಕಟ್ಟುವವರು ನೀವು.

ಮೊದಲು ಸ್ಟಾರ್ಟಿಂಗ್ ನೋಡೋಣ. ಸೆಲ್ಫ್ ಹೊಡೆದಾಗ ಎಂಜಿನ್ ನಿಧಾನಕ್ಕೆ, ಕಷ್ಟಪಟ್ಟು ತಿರುಗುತ್ತದಾ? ಇಲ್ಲ, ಚುರುಕಾಗಿಯೇ ತಿರುಗಿದರೂ ಸ್ಟಾರ್ಟ್ ತಗೊಳ್ಳುವುದಿಲ್ವಾ? ಇವೆರಡೂ ಬೇರೆ ಬೇರೆ ಕಾಯಿಲೆ. ಮೊದಲನೆಯದು ಕರೆಂಟಿನದು, ಎರಡನೆಯದು ಹೆಚ್ಚಾಗಿ ಪೆಟ್ರೋಲ್ ಅಥವಾ ಕಿಡಿಯದು.

ನಿಧಾನಕ್ಕೆ ತಿರುಗುತ್ತಿದ್ದರೆ ಒಂದು ಮಲ್ಟಿಮೀಟರ್ ತಗೊಳ್ಳಿ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ ಬೆಳಿಗ್ಗೆ 12.6 ವೋಲ್ಟ್ ಆಸುಪಾಸು ತೋರಿಸಬೇಕು. 12.2ಕ್ಕಿಂತ ಕಡಿಮೆ ಇದ್ದರೆ ಅರ್ಧದಷ್ಟೂ ಚಾರ್ಜ್ ಇಲ್ಲ ಅಂತ. ಎಂಜಿನ್ ಓಡುವಾಗ 13.8ರಿಂದ 14.4ರ ಒಳಗೆ ಇರಬೇಕು. ಇಲ್ಲದಿದ್ದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಮತ್ತು ಅದರ ಬೆಲ್ಟ್ ಕಡೆ ನೋಡಿ. ಬೇರೆಯವರಿಗೆ ಸೆಲ್ಫ್ ಹೊಡೆಯಲು ಹೇಳಿ ಮೀಟರ್ ನೋಡುತ್ತಿರಿ. ಆಗ ವೋಲ್ಟೇಜ್ ಒಂಬತ್ತೂವರೆಗಿಂತ ಕೆಳಗೆ ಬಿದ್ದರೆ ಬ್ಯಾಟರಿ ಮುಗಿದಿದೆ ಅಂತಲೇ ಲೆಕ್ಕ.

ಬ್ಯಾಟರಿ ಚೆನ್ನಾಗಿದ್ದೂ ಸೆಲ್ಫ್ ನಿಧಾನ ಅಂದರೆ ಅರ್ಥ್ ವೈರ್, ಅಂದರೆ ಬ್ಯಾಟರಿ ಮೈನಸ್‌ನಿಂದ ಎಂಜಿನ್ನಿಗೆ ಹೋಗುವ ದಪ್ಪ ವೈರ್ ನೋಡಿ. ಇದನ್ನು ಜಾಸ್ತಿ ಜನ ನೋಡುವುದೇ ಇಲ್ಲ. ನಮ್ಮ ಬೀದಿಯ ಒಬ್ಬರ ಸ್ಯಾಂಟ್ರೋಗೆ ಹೊಸ ಬ್ಯಾಟರಿ ಹಾಕಿ, ಸ್ಟಾರ್ಟರ್ ಮೋಟರ್ ಕೂಡ ಬದಲಾಯಿಸಿದ್ದರು. ತೊಂದರೆ ಹಾಗೇ ಇತ್ತು. ಮಲ್ಟಿಮೀಟರ್‌ನ ಒಂದು ಕಡ್ಡಿಯನ್ನು ಬ್ಯಾಟರಿ ಮೈನಸ್ ಕಂಬದ ಮೇಲೆ ಇಟ್ಟೆವು. ಕ್ಲ್ಯಾಂಪ್ ಮೇಲಲ್ಲ, ಕಂಬದ ಮೇಲೆಯೇ. ಇನ್ನೊಂದನ್ನು ಎಂಜಿನ್ ಬ್ಲಾಕಿನ ಒಂದು ಸ್ವಚ್ಛವಾದ ಬೋಲ್ಟಿನ ಮೇಲೆ ಒತ್ತಿ ಹಿಡಿದು ಸೆಲ್ಫ್ ಹೊಡೆಸಿದೆವು. 0.2, 0.3 ವೋಲ್ಟ್ ತೋರಿಸಬೇಕಾದ ಕಡೆ ಒಂದೂವರೆ ವೋಲ್ಟ್ ತೋರಿಸಿತು. ಅರ್ಥ್ ವೈರಿನ ಮೇಲಿನ ಪ್ಲಾಸ್ಟಿಕ್ ಸೀಳಿ ನೋಡಿದರೆ ಒಳಗಿನ ತಾಮ್ರ ಹಸಿರು ಪುಡಿಯಾಗಿತ್ತು. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ. ಆ ವೈರ್ ಬದಲಾಯಿಸಿದ ಮೇಲೆ ಸೆಲ್ಫ್ ಒಂದೇ ಏಟಿಗೆ ಹೊಡೆಯಿತು. ಬ್ಯಾಟರಿ ಟರ್ಮಿನಲ್ ಮೇಲೆ ಬಿಳಿ ಪುಡಿ ಕೂತಿದ್ದರೆ ಬಿಸಿನೀರು, ಅಡುಗೆ ಸೋಡಾ ಹಾಕಿ ಉಜ್ಜಿ ಒರೆಸಿ. ಆಮೇಲೆ ಉಳಿದ ಟೆಸ್ಟ್.

ಸೆಲ್ಫ್ ಚುರುಕಾಗಿದ್ದೂ ಸ್ಟಾರ್ಟ್ ಆಗಲು ತಡವಾದರೆ ಹೀಗೆ ಮಾಡಿ. ಕೀ ಆನ್ ಮಾಡಿ, ಸೆಲ್ಫ್ ಹೊಡೆಯಬೇಡಿ. ಹಿಂದಿನ ಸೀಟಿನ ಕಡೆಯಿಂದ ಪೆಟ್ರೋಲ್ ಪಂಪ್ ಎರಡು ಸೆಕೆಂಡ್ ಗುಂಯ್ ಅನ್ನುವುದು ಕೇಳಿಸುತ್ತದೆ. ಆಫ್ ಮಾಡಿ. ಎರಡು ಮೂರು ಸಲ ಹೀಗೆ ಮಾಡಿ ಆಮೇಲೆ ಸೆಲ್ಫ್ ಹೊಡೆಯಿರಿ. ತಕ್ಷಣ ಸ್ಟಾರ್ಟ್ ಆದರೆ ರಾತ್ರಿಯೆಲ್ಲ ಪೆಟ್ರೋಲ್ ಲೈನಿನ ಪ್ರೆಷರ್ ಇಳಿದು ಹೋಗುತ್ತಿದೆ ಅಂತ ಗೊತ್ತಾಗುತ್ತದೆ. ಪಂಪಿನೊಳಗಿನ ವಾಲ್ವ್ ಅಥವಾ ಸೋರುವ ಇಂಜೆಕ್ಟರ್ (ಎಂಜಿನ್ನಿಗೆ ಪೆಟ್ರೋಲ್ ಸಿಂಪಡಿಸುವ ಭಾಗ) ಇದಕ್ಕೆ ಕಾರಣ ಇರಬಹುದು. ಏನೂ ವ್ಯತ್ಯಾಸ ಆಗದಿದ್ದರೆ ಸ್ಪಾರ್ಕ್ ಪ್ಲಗ್, ಆಮೇಲೆ ಕೂಲಂಟ್ (ಎಂಜಿನ್ ತಣಿಸುವ ದ್ರವ) ಟೆಂಪರೇಚರ್ ಸೆನ್ಸರ್ ನೋಡಿಸಿ. ಆ ಸೆನ್ಸರ್ ಕೆಟ್ಟರೆ ಎಂಜಿನ್ ಆಗಲೇ ಬಿಸಿಯಾಗಿದೆ ಅಂತ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ತಿಳಿದುಕೊಂಡು ಪೆಟ್ರೋಲ್ ಕಡಿಮೆ ಕೊಡುತ್ತದೆ.

ಅಂದ ಹಾಗೆ, ಈಗ ಬಂಕ್‌ಗಳಲ್ಲಿ ಸಿಗುವುದು 20 ಪರ್ಸೆಂಟ್ ಎಥನಾಲ್ ಇರುವ ಪೆಟ್ರೋಲ್. 2009ರ ಗಾಡಿಯ ರಬ್ಬರ್ ಪೈಪುಗಳನ್ನು ಅದಕ್ಕೆಂದು ಮಾಡಿದ್ದಲ್ಲ. ಬಾನೆಟ್ ಎತ್ತಿ ಪೆಟ್ರೋಲ್ ಪೈಪುಗಳನ್ನು ಬಗ್ಗಿಸಿ ನೋಡಿ. ಸಣ್ಣ ಬಿರುಕು ಕಂಡರೆ, ಪೆಟ್ರೋಲ್ ವಾಸನೆ ಬಂದರೆ ಅವತ್ತೇ ಬದಲಾಯಿಸಿ. ಬೇರೆ ಎಲ್ಲ ಕಾಯಬಹುದು, ಇದು ಕಾಯಬಾರದು. ಇಲಿ ವೈರ್ ಕಡಿದಿದೆಯಾ ಅಂತಲೂ ಜೊತೆಗೇ ನೋಡಿಕೊಳ್ಳಿ.

ಈಗ ಬಿಸಿಯ ವಿಷಯ. ಟ್ರಾಫಿಕ್‌ನಲ್ಲಿ ಮುಳ್ಳು ಏರಿ, ಹೈವೇಯಲ್ಲಿ ತಾನಾಗೇ ಇಳಿಯುತ್ತದಾ? ಹಾಗಿದ್ದರೆ ನನ್ನ ಅನುಮಾನ ರೇಡಿಯೇಟರ್ ಫ್ಯಾನ್ ಮೇಲೆ. ಗಾಡಿ ಓಡುವಾಗ ಗಾಳಿ ತಾನಾಗೇ ಸಿಗುತ್ತದೆ, ನಿಂತಾಗ ಫ್ಯಾನ್ ಬೇಕು. ಫ್ಯಾನಿನ ಕನೆಕ್ಟರ್ ಬಿಚ್ಚಿ ಬ್ಯಾಟರಿಯಿಂದ ನೇರ ಕರೆಂಟ್ ಕೊಟ್ಟು ನೋಡಿ. ತಿರುಗಲಿಲ್ಲ ಅಂದರೆ ಮೋಟರ್ ಹೋಗಿದೆ. ತಿರುಗಿದರೆ ಫ್ಯೂಸ್, ರಿಲೇ, ಸೆನ್ಸರ್ ಕಡೆ ಹೋಗಿ. ಇದಕ್ಕೆ ವಿರುದ್ಧವಾಗಿ, ಊರೊಳಗೆ ಸರಿಯಾಗಿದ್ದು ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಘಾಟಿ ಹತ್ತುವಾಗ ಮುಳ್ಳು ಏರಿದರೆ ರೇಡಿಯೇಟರ್ ಒಳಗೆ ಕಟ್ಟಿಕೊಂಡಿರಬಹುದು, ಕೂಲಂಟ್ ಕಡಿಮೆ ಇರಬಹುದು, ಇಲ್ಲ ವಾಟರ್ ಪಂಪ್ ಸೋತಿರಬಹುದು.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ರೇಡಿಯೇಟರ್ ಕ್ಯಾಪ್ ತೆಗೆಯಿರಿ. ಬಿಸಿ ಇದ್ದಾಗ ಮುಟ್ಟಲೇಬೇಡಿ, ಮುಖಕ್ಕೆ ಎರಚುತ್ತದೆ. ಒಳಗೆ ಹಸಿರೋ ಕೆಂಪೋ ಕೂಲಂಟ್ ಇರುವ ಬದಲು ತುಕ್ಕಿನ ನೀರು ಇದ್ದರೆ ಹಿಂದಿನವರು ನಲ್ಲಿ ನೀರು ತುಂಬಿಸಿಕೊಂಡೇ ಓಡಿಸಿದ್ದಾರೆ. ಫ್ಲಶ್ ಮಾಡಿಸಿ, ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧರ್ಧ ಹಾಕಿಸಿ. ಕ್ಯಾಪಿನ ರಬ್ಬರ್ ಒಣಗಿದ್ದರೆ ಕ್ಯಾಪ್ ಕೂಡ ಹೊಸದು.

ಇನ್ನೊಂದು ತಮಾಷೆ ನೋಡಿ. ಗಾಡಿ ಬಿಸಿಯಾಗುತ್ತೆ ಅಂದ ಕೂಡಲೇ ಎಷ್ಟೋ ಕಡೆ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವ ತನಕ ಕೂಲಂಟ್ ರೇಡಿಯೇಟರಿಗೆ ಹೋಗದಂತೆ ತಡೆಯುವ ವಾಲ್ವ್) ಕಿತ್ತು ಬಿಸಾಕುತ್ತಾರೆ. "ನಮ್ಮ ಸೆಕೆಗೆ ಅದೆಲ್ಲ ಬೇಡ ಸರ್" ಅಂತಾರೆ. ಆಗ ಎಂಜಿನ್ ಬೇಕಾದಷ್ಟು ಬಿಸಿಯಾಗುವುದೇ ಇಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಮೈಲೇಜ್ ಬೀಳುತ್ತದೆ. ನಿಮ್ಮದರಲ್ಲಿ ಇದೆಯಾ ಅಂತ ತಿಳಿಯಬೇಕೇ? ಬೆಳಿಗ್ಗೆ ಸ್ಟಾರ್ಟ್ ಮಾಡಿ ರೇಡಿಯೇಟರಿನ ಮೇಲಿನ ಪೈಪ್ ಮುಟ್ಟುತ್ತಾ ಇರಿ. ಸ್ವಲ್ಪ ಹೊತ್ತು ತಣ್ಣಗಿದ್ದು ಆಮೇಲೆ ಒಮ್ಮೆಲೇ ಬಿಸಿಯಾದರೆ ಥರ್ಮೋಸ್ಟಾಟ್ ಇದೆ, ಕೆಲಸವನ್ನೂ ಮಾಡುತ್ತಿದೆ. ಶುರುವಿನಿಂದಲೇ ನಿಧಾನಕ್ಕೆ ಬೆಚ್ಚಗಾಗುತ್ತಾ ಹೋದರೆ ಕಿತ್ತಿದ್ದಾರೆ, ಇಲ್ಲ ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡಿದೆ.

ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಸೀಲ್) ಹೋಗಿದೆ ಅನ್ನುವುದಕ್ಕೆ ಗುರುತುಗಳು ಬೇರೆ. ಎಲ್ಲೂ ಸೋರದೆ ಕೂಲಂಟ್ ಕಡಿಮೆಯಾಗುತ್ತಾ ಹೋಗುತ್ತದೆ. ಎಂಜಿನ್ ಓಡುವಾಗ ರೇಡಿಯೇಟರ್‌ನಲ್ಲಿ ಗುಳ್ಳೆ ಬರುವುದು ನಿಲ್ಲುವುದೇ ಇಲ್ಲ. ಬಿಸಿಯಾದ ಮೇಲೂ ಸೈಲೆನ್ಸರ್‌ನಿಂದ ದಟ್ಟ ಬಿಳಿ ಹೊಗೆ ಬರುತ್ತದೆ. ಆಯಿಲ್ ಹಾಲು ಬೆರೆಸಿದ ಕಾಫಿ ಥರ ಕಾಣುತ್ತದೆ. ಆದರೆ ಆಯಿಲ್ ಕ್ಯಾಪ್ ಕೆಳಗೆ ಮಾತ್ರ ಬೆಳ್ಳಗೆ ನೊರೆ ಅಂಟಿದ್ದರೆ ಹೆದರಬೇಡಿ. ಮಳೆಗಾಲದಲ್ಲಿ ಬರೀ ಹತ್ತಿರದ ಓಡಾಟ ಮಾಡಿದರೆ ತೇವ ಅಲ್ಲಿ ಕೂರುತ್ತದೆ. ಆಯಿಲ್ ಅಳೆಯುವ ಡಿಪ್‌ಸ್ಟಿಕ್ ಎಳೆದು ನೋಡಿ, ಅದರಲ್ಲೂ ಹಾಗೇ ಇದ್ದರೆ ಆಗ ಯೋಚನೆ ಮಾಡಿ. ಇದೆಲ್ಲ ಸರಿ ಮಾಡಿಸುವ ತನಕ ಮುಳ್ಳು ಮೇಲೇರಿದರೆ ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ಹಾಕಿ ಬದಿಗೆ ನಿಲ್ಲಿಸಿ. ಕಾದ ಎಂಜಿನ್ ಮೇಲೆ ತಣ್ಣೀರು ಸುರಿಯಬೇಡಿ, ಅಲ್ಯುಮಿನಿಯಂ ಹೆಡ್ ಸೊಟ್ಟಗಾದರೆ ಲೇತ್‌ಗೇ ಹೋಗಬೇಕು.

ನಿಂತಾಗ ನಡುಗುವುದಕ್ಕೆ ಬರೋಣ. ನಿಮ್ಮದು 1061 ಸಿಸಿ, ನಾಲ್ಕು ಸಿಲಿಂಡರ್ ಎಂಜಿನ್. ಮೂರು ಸಿಲಿಂಡರ್ ಗಾಡಿ ಸ್ವಲ್ಪ ನಡುಗುವುದು ಸಹಜ, ಇದು ನಡುಗಬಾರದು. ಒಂದೇ ಸಮ ನಡುಕ ಇದ್ದು ಆಕ್ಸಿಲರೇಟರ್ ಕೊಟ್ಟ ಕೂಡಲೇ ನಿಂತರೆ ಎಂಜಿನ್ ಮೌಂಟಿಂಗ್ ರಬ್ಬರ್ ನೋಡಿಸಿ. ನಡುಕ ಹೆಚ್ಚು ಕಡಿಮೆ ಆಗುತ್ತಿದ್ದರೆ, ಮಧ್ಯೆ ಮಧ್ಯೆ ಉಸಿರು ಕಟ್ಟಿದಂತೆ ಆದರೆ ಒಂದು ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ. ಎಂಜಿನ್ ಓಡುವಾಗ ಇಂಜೆಕ್ಟರ್ ಕನೆಕ್ಟರ್‌ಗಳನ್ನು ಒಂದೊಂದಾಗಿ ಬಿಚ್ಚಿ ಹಾಕಲು ಹೇಳಿ. ಚೆನ್ನಾಗಿರುವ ಸಿಲಿಂಡರಿನದು ಬಿಚ್ಚಿದರೆ ಎಂಜಿನ್ ಇನ್ನೂ ಕುಸಿಯುತ್ತದೆ. ಯಾವುದನ್ನು ಬಿಚ್ಚಿದರೂ ವ್ಯತ್ಯಾಸ ಆಗುವುದಿಲ್ಲವೋ ಅಲ್ಲೇ ಕಳ್ಳ ಇದ್ದಾನೆ. ಪ್ಲಗ್ ವೈರ್ ಎಳೆದು ಈ ಟೆಸ್ಟ್ ಮಾಡುವ ಹಳೆ ಪದ್ಧತಿ ಬೇಡ, ಶಾಕ್ ಹೊಡೆಯುತ್ತದೆ. ಕಳ್ಳ ಸಿಗದೆ ಎಲ್ಲ ಸಿಲಿಂಡರ್ ಒಂದೇ ಥರ ಇದ್ದರೆ ಎಂಜಿನ್ನಿಗೆ ಗಾಳಿ ಹೋಗುವ ಥ್ರಾಟಲ್ ಬಾಡಿಯ ಕಾರ್ಬನ್ ಕ್ಲೀನ್ ಮಾಡಿಸಿ, ವ್ಯಾಕ್ಯೂಮ್ ಪೈಪ್ ಸೀಳಿದೆಯಾ ನೋಡಿ.

ಇದಾದ ಮೇಲೂ ಒಂದು ಸಿಲಿಂಡರ್ ಸತ್ತೇ ಇದ್ದರೆ ಆಗ ಎಂಜಿನ್ ಮಾತು. ಆಗಲೂ ಮೊದಲು ಕಂಪ್ರೆಷನ್ ಟೆಸ್ಟ್, ಅಂದರೆ ಪ್ರತಿ ಸಿಲಿಂಡರಿನೊಳಗಿನ ಒತ್ತಡವನ್ನು ಗೇಜ್ ಹಾಕಿ ಅಳೆಯುವುದು. ಎಂಜಿನ್ ಬಿಸಿ ಇರಬೇಕು, ನಾಲ್ಕೂ ಪ್ಲಗ್ ಬಿಚ್ಚಿರಬೇಕು, ಪೆಟ್ರೋಲ್ ಪಂಪ್ ಫ್ಯೂಸ್ ತೆಗೆದು ಕಾಯಿಲ್ ಕನೆಕ್ಟರ್ ಬಿಚ್ಚಿರಬೇಕು, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದಿರಬೇಕು, ಬ್ಯಾಟರಿಯಲ್ಲಿ ದಮ್ ಇರಬೇಕು. ಇಂಥ ಪೆಟ್ರೋಲ್ ಎಂಜಿನ್‌ನಲ್ಲಿ 170ರಿಂದ 200 ಪಿಎಸ್‌ಐ ಬಂದರೆ ಆರೋಗ್ಯವಾಗಿದೆ ಅಂತ. ನಂಬರ್‌ಗಿಂತ ನಾಲ್ಕರ ನಡುವಿನ ವ್ಯತ್ಯಾಸ ಮುಖ್ಯ. ಒಂದು ಸಿಲಿಂಡರ್ ಮಾತ್ರ ತುಂಬಾ ಕಡಿಮೆ ಇದ್ದರೆ ಅದರೊಳಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ನಂಬರ್ ಏರಿದರೆ ಪಿಸ್ಟನ್ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಸರಿಯಾಗಿ ಕೂರುತ್ತಿಲ್ಲ, ಅಂದರೆ ಹೆಡ್ ಕೆಲಸ ಮಾತ್ರ, ಪೂರ್ತಿ ಎಂಜಿನ್ ಕೆಲಸ ಅಲ್ಲ. ಅಕ್ಕಪಕ್ಕದ ಎರಡು ಒಟ್ಟಿಗೆ ಕಡಿಮೆ ಇದ್ದರೆ ಅವೆರಡರ ನಡುವೆ ಗ್ಯಾಸ್ಕೆಟ್ ಸುಟ್ಟಿರುವ ಸಾಧ್ಯತೆ ಜಾಸ್ತಿ. ನಾಲ್ಕೂ ಒಂದೇ ಥರ ಕಡಿಮೆ ಬಂದರೆ ಟೈಮಿಂಗ್ ಬೆಲ್ಟ್ (ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆದು ಮುಚ್ಚಿಸುವ ಬೆಲ್ಟ್) ಒಂದು ಹಲ್ಲು ಜಾರಿದೆಯಾ ಅಂತಲೂ ನೋಡಬೇಕು. ಈ ಟೆಸ್ಟ್ ಮಾಡದೆ "ಇಳಿಸೋಣ" ಅನ್ನುವ ಗ್ಯಾರೇಜಿನಿಂದ ಗಾಡಿ ವಾಪಸ್ ತಗೊಂಡು ಬನ್ನಿ. ಗೇಜ್ ಇಲ್ಲ ಅನ್ನುವ ಕಡೆ ಎಂಜಿನ್ ಕೊಡುವುದೇ ಬೇಡ.

ಹೊಗೆ ಬಗ್ಗೆ ನೀವು ಏನೂ ಬರೆದಿಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ಒಂದು ಸಲ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲ್. ಆಕ್ಸಿಲರೇಟರ್ ಕೊಟ್ಟಾಗೆಲ್ಲ ನೀಲಿ ಹೊಗೆ ಬಂದರೆ ರಿಂಗ್. ಹೊಗೆಯೂ ಇಲ್ಲ, ಆಯಿಲ್ ಕೂಡ ಕಡಿಮೆಯಾಗುತ್ತಿಲ್ಲ ಅಂದರೆ ಎಂಜಿನ್ ಇಳಿಸುವ ಮಾತು ಇನ್ನಷ್ಟು ದೂರ.

ಟಕ್ ಸದ್ದು ಸುಲಭ. ಚಕ್ರ ಎತ್ತಿ, ಗಾಡಿ ಬರೀ ಜಾಕ್ ಮೇಲೆ ನಿಲ್ಲದಂತೆ ಸ್ಟ್ಯಾಂಡ್ ಕೊಟ್ಟು, ಟೈರ್ ಅನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ, ಅಂದರೆ ಸಡಿಲ, ಇದ್ದರೆ ಬಾಲ್ ಜಾಯಿಂಟ್ ಅಥವಾ ಬೇರಿಂಗ್. ಎಡ ಬಲ ಹಿಡಿದು ಅಲ್ಲಾಡಿಸಿದಾಗ ಮಾತ್ರ ಆಟ ಇದ್ದರೆ ಟೈ ರಾಡ್ ಎಂಡ್. ಎರಡೂ ಇಲ್ಲದಿದ್ದರೆ ಲೋವರ್ ಆರ್ಮ್ ಬುಷ್, ಆಮೇಲೆ ಸ್ಟ್ರಟ್ ಮೌಂಟ್. ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಹೋಗುವಾಗ ಟಿಕ್ ಟಿಕ್ ಟಿಕ್ ಅಂದರೆ ಅದು ಬೇರೆ, ಡ್ರೈವ್ ಶಾಫ್ಟ್ ಜಾಯಿಂಟ್.

ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಬ್ಲೂಟೂತ್ ಸ್ಕ್ಯಾನರ್ (ಇಸಿಯುವಿನ ಮಾಹಿತಿ ಫೋನಿನಲ್ಲಿ ತೋರಿಸುವ ಸಾಧನ) ತಗೊಳ್ಳಲಾ ಅಂತಲೂ ಕೇಳಿದ್ದೀರಿ. ಇಷ್ಟು ಹಳೆ ಗಾಡಿಗೆ ಅದು ಎಷ್ಟೋ ಸಲ ಕನೆಕ್ಟ್ ಆಗುವುದೇ ಇಲ್ಲ. ಆ ದುಡ್ಡಿಗೆ ಮಲ್ಟಿಮೀಟರ್ ತಗೊಳ್ಳಿ.

ಟೈಮಿಂಗ್ ಬೆಲ್ಟ್ ಅಂದೆನಲ್ಲ, 2010ರಲ್ಲಿ ಬಂದ ಹೊಸ ವ್ಯಾಗನ್ ಆರ್‌ಗೆ ಚೈನ್, ನಿಮ್ಮದಕ್ಕೆ ಬೆಲ್ಟ್. "ಇದಕ್ಕೆ ಚೈನ್ ಸರ್, ಏನೂ ಮಾಡಬೇಕಿಲ್ಲ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಹಿಂದಿನ ಓನರ್ ಯಾವಾಗ ಬದಲಾಯಿಸಿದ್ದರು ಅನ್ನುವ ಬಿಲ್ ಇಲ್ಲದಿದ್ದರೆ ಬದಲಾಯಿಸಿಲ್ಲ ಅಂತಲೇ ತಿಳಿದು ಹೊಸದು ಹಾಕಿಸಿ.

ದುಡ್ಡು ಸುರಿಯುವ ಮೊದಲು ಆರ್‌ಸಿ ಕೂಡ ತೆಗೆದು ನೋಡಿ. 2009ರ ಗಾಡಿಗೆ 2024ಕ್ಕೇ 15 ವರ್ಷ ತುಂಬಿದೆ. ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಿ ಇನ್ನೈದು ವರ್ಷಕ್ಕೆ ರಿನ್ಯೂ ಆಗಿದೆಯಾ? ಆಗಿಲ್ಲ ಅಂದರೆ ಮೊದಲು ಮಾರಿದವರನ್ನು ಹಿಡಿಯಿರಿ, ರಿಪೇರಿ ಆಮೇಲೆ. ಕಂಪ್ರೆಷನ್ ಟೆಸ್ಟ್ ಮಾಡಿಸಿದರೆ ನಾಲ್ಕೂ ನಂಬರ್ ಇಲ್ಲೇ ಕೆಳಗೆ ಹಾಕಿ. ಆಯಿಲ್ ಬಿಡುವ ಮೊದಲಿನದು, ಬಿಟ್ಟ ಮೇಲಿನದು, ಎರಡೂ ಬೇಕು.