ಇಂಗ್ಲೆಂಡಿನ ಶಾಲೆಯಲ್ಲಿ ಮಗಳಿಗೆ ಯಾವ ತರಗತಿ?

ನಮಸ್ಕಾರ ಮೇಡಂ. ಜನವರಿಯಲ್ಲಿ ಇಂಗ್ಲೆಂಡಿಗೆ ಹೋದರೆ 13 ವರ್ಷದ ಮಗಳನ್ನು ಯಾವ ತರಗತಿಗೆ ಹಾಕ್ತಾರೆ ಎಂದು ಕೇಳಿದ್ದೀರಿ. ಅಲ್ಲಿ ಅಂಕಪಟ್ಟಿಗಿಂತ ವಯಸ್ಸೇ ಮುಖ್ಯ. ಸೆಪ್ಟೆಂಬರ್ 1ಕ್ಕೂ ಮೊದಲೇ 13 ತುಂಬಿದ್ದರೆ ಇಯರ್ 9, ಆಮೇಲೆ ತುಂಬಿದ್ದರೆ ಇಯರ್ 8.

ಇಯರ್ 9 ಆದರೆ ಸ್ವಲ್ಪ ಅವಸರ ಮಾಡಿ. ಜಿಸಿಎಸ್‌ಇಗೆ (ನಮ್ಮ ಎಸ್‌ಎಸ್‌ಎಲ್‌ಸಿ ಥರ, 16ರ ಹೊತ್ತಿಗೆ ಬರೆಯುವ ಪರೀಕ್ಷೆ) ವಿಷಯ ಆರಿಸುವುದು ಹೆಚ್ಚಿನ ಶಾಲೆಗಳಲ್ಲಿ ಅದೇ ವರ್ಷ. ಇಂಗ್ಲಿಷ್, ಗಣಿತ, ವಿಜ್ಞಾನ ಕಡ್ಡಾಯ. ಇತಿಹಾಸ, ಭೂಗೋಳ, ಸಂಗೀತ, ಡ್ರಾಮಾ ಇಂಥವುಗಳಲ್ಲಿ ಕೆಲವನ್ನು ಆರಿಸಬೇಕು. ತಡವಾಗಿ ಹೋದರೆ ಬೇಕಾದ ವಿಷಯದಲ್ಲಿ ಜಾಗ ಇಲ್ಲದಿರಬಹುದು.

ಮನೆ ಗೊತ್ತಾದ ಕೂಡಲೇ ಅಲ್ಲಿನ ಕೌನ್ಸಿಲ್‌ಗೆ (ಸ್ಥಳೀಯ ಆಡಳಿತ ಸಂಸ್ಥೆ) ಬರೆಯಿರಿ. ವರ್ಷದ ಮಧ್ಯೆ ಸೇರುವ ಅರ್ಜಿ ಅವರಿಗೋ ಶಾಲೆಗೋ ಎಂದು ಅವರೇ ಹೇಳುತ್ತಾರೆ. ಸೇರಿದ ಮೇಲೆ ಏನೇ ಇದ್ದರೂ ಮೊದಲು ಫಾರ್ಮ್ ಟ್ಯೂಟರ್‌ಗೆ, ಅಂದರೆ ಕ್ಲಾಸ್ ಟೀಚರ್‌ಗೆ ಹೇಳಿ, ನೇರ ಹೆಡ್‌ಮಾಸ್ಟರ್ ಹತ್ತಿರ ಹೋಗೋದು ನಮ್ಮ ಕಡೆ ಅಭ್ಯಾಸ ಅಷ್ಟೇ!